ತೇಲಿದ ಮೊಟ್ಟೆ

ಮಧುಶ್ರೀಯ ಬಾಯಿಗೆ ಬೀಗ ಹಾಕುವವರು ಇಡೀ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿರಲಿಲ್ಲ. ಅದೇ ಅವಳಿಗೆ ಮುಳುವಾಯಿತು. ಡಿ.ಎಡ್ ಪರೀಕ್ಷೆಯ ವಿಜ್ಞಾನ ಪಾಠದಲ್ಲಿ ಪ್ರಶ್ನೆ ಕೇಳಿ, ಮಕ್ಕಳು ತುಟಿ ಬಿಚ್ಚುವ ಮೊದಲೇ ಉತ್ತರವನ್ನೂ ತಾನೇ ಹೇಳಿ ಫೇಲಾಗಿದ್ದಳು.

“ಮಕ್ಕಳೇ ಹುಡುಕಬೇಕು ಕಣಮ್ಮ. ಇನ್ನೊಂದ್ಸಲ ನೀನೇ ಉತ್ತರ ಹೇಳಿದ್ರೆ ಈ ವರ್ಷ ಟೀಚರಾಗೋ ಆಸೆ ಬುಟ್ಬುಡು,” ಎಂದಿದ್ದರು ಲೆಕ್ಚರರ್ ಶಿವಣ್ಣ.

ಎರಡನೇ ಅವಕಾಶ ಎನ್. ಬೇಗೂರಿನ ಐದನೇ ತರಗತಿಯಲ್ಲಿ. ಮೊಟ್ಟೆ ಬರಿ ನೀರಿನಲ್ಲಿ ಮುಳುಗುತ್ತದೆ, ಉಪ್ಪುನೀರಿನಲ್ಲಿ ತೇಲುತ್ತದೆ, ಯಾಕೆ? ಇದು ಪಾಠ. ಮೊಟ್ಟೆ ಕೊಟ್ಟವಳು ಅಜ್ಜಿ ಮರಮ್ಮ. “ಕೋಳಿ ಕಾವು ಬುಟ್ಟು ಎದ್ದೋಯ್ತು ಕಣವ್ವ, ಇದೊಂದು ಮಿಕ್ಕದೆ, ತಗೊಂಡೋಗು,” ಎಂದಿದ್ದಳು. ತಾನೇ ಮಾತಾಡುತ್ತಿದ್ದ ಮಧುಶ್ರೀಗೆ ಕಾವಿನ ವಿಷಯ ಕಿವಿಗೇ ಬೀಳಲಿಲ್ಲ.

ಗಾಜಿನ ಲೋಟದ ಬರಿ ನೀರಿಗೆ ಮೊಟ್ಟೆ ಬಿಟ್ಟಳು. ತೇಲಿತು. ಬೆರಳಿನಿಂದ ಒತ್ತಿದಳು. ಪುಳಕ್ಕನೆ ಮೇಲೆ ಬಂತು. ಅಯ್ಯೋ ದೇವರೇ! ಅವಳ ಪಾಠ ಯೋಜನೆಯಲ್ಲಿ ‘ಮುಳುಗುತ್ತದೆ’ ಎಂದು ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಬೇರೆ ಎಳೆದಿದ್ದಳು. ಹಿಂದಿನ ಬೆಂಚಿನಲ್ಲಿ ಶಿವಣ್ಣ ಅಂಕಪಟ್ಟಿ ಹಿಡಿದು ಕೂತಿದ್ದರು.

“ಯಾಕೆ... ತೇಲ್ತು?” ಎಂದಳು. ಉತ್ತರ ಗೊತ್ತಿಲ್ಲದೆ ಅವಳು ಪ್ರಶ್ನೆ ಕೇಳಿದ್ದು ಹುಟ್ಟಿದಾಗಿನಿಂದ ಇದೇ ಮೊದಲು.

ಶಿವಣ್ಣನಿಗೇ ತಡೆಯಲಾಗಲಿಲ್ಲ. ಎದ್ದು ಬಂದರು. “ಯಾರೋ ಆಗ್ಲೇ ಉಪ್ಪು ಹಾಕವ್ರೆ!”

ಮುಂದಿನ ಸಾಲಿನ ಪುಟ್ಟಿ ಲೋಟಕ್ಕೆ ಬೆರಳದ್ದಿ ನೆಕ್ಕಿದಳು. “ಇಲ್ಲ ಸಾರ್, ಸಪ್ಪೆ.”

ಶಿವಣ್ಣ ತಾವೂ ನೆಕ್ಕಿದರು. ಸಪ್ಪೆಯೇ.

“ಮೊಟ್ಟೆ ಕೆಟ್ಟಿರ್ಬೇಕು ಮಿಸ್. ನಮ್ಮವ್ವ ಇಂಗೇ ನೀರಿಗೆ ಬುಟ್ಟು ನೋಡ್ತಳೆ,” ಎಂದಳು ಪುಟ್ಟಿ.

“ನೋಡಕ್ಕೆ ಚೆನ್ನಾಗೇ ಅದಲ್ಲ! ಕೊಡಿಲ್ಲಿ,” ಎಂದು ಶಿವಣ್ಣ ಮೊಟ್ಟೆ ಎತ್ತಿಕೊಂಡು, ಕಣ್ಣಿನ ಹತ್ತಿರ ಹಿಡಿದು ನೋಡಿ, ಮೇಜಿನ ಅಂಚಿಗೆ ಕುಟ್ಟಿದರು.

ಟಪ್! ಆ ನಾತಕ್ಕೆ ಇಡೀ ತರಗತಿ ಬಾಗಿಲ ಕಡೆ ಓಡಿತು, ಎಲ್ಲರಿಗಿಂತ ಮುಂದೆ ಶಿವಣ್ಣ. ನೀರು ನೆಕ್ಕಿದ್ದು ನೆನಪಾಗಿ ನಲ್ಲಿಯಲ್ಲಿ ಎಂಟು ಸಲ ಬಾಯಿ ಮುಕ್ಕಳಿಸಿದರು.

ಹೊಂಗೆ ಮರದಡಿ ನಿಂತ ಮಧುಶ್ರೀಗೆ ಅಳುವುದೊಂದು ಬಾಕಿ. ಪಾಠ ಹಾಳಾಯಿತು, ವರ್ಷವೂ ಹೋಯಿತು. ಪಕ್ಕದಲ್ಲೇ ಮಕ್ಕಳು ಜಗಳಕ್ಕೆ ಬಿದ್ದಿದ್ದರು. ಕೆಟ್ಟದ್ದು ಹಗುರ ಹೇಗಾಯಿತು? ಚಿಪ್ಪು ಒಡೆಯದೆ ಒಳಗಿದ್ದದ್ದು ಎಲ್ಲಿ ಹೋಯಿತು? ಇನ್ನೊಂದು ಮೊಟ್ಟೆ ತಂದು ಬಿಸಿಲಲ್ಲಿಟ್ಟು ನೋಡೋಣವೆಂದು ಪುಟ್ಟಿಯ ಹಟ.

ಮುಖ ಒರೆಸಿಕೊಳ್ಳುತ್ತಾ ಶಿವಣ್ಣ ಬಂದರು. ಸ್ವಲ್ಪ ಹೊತ್ತು ಮಕ್ಕಳ ಮಾತಿಗೆ ಕಿವಿಗೊಟ್ಟು, ಆಮೇಲೆ ದನಿ ತಗ್ಗಿಸಿದರು. “ಅದ್ಸರಿ, ಕೆಟ್ಟ ಮೊಟ್ಟೆ ಯಾಕಮ್ಮ ತೇಲ್ತದೆ?”

ಈಗ ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದಳು. ಅವರ ಕೈಯ ಅಂಕಪಟ್ಟಿ ಕಣ್ಣಿಗೆ ಬಿತ್ತು. ಗಟ್ಟಿಯಾಗಿ ಬಾಯಿ ಮುಚ್ಚಿದಳು.

“ನಿಮಗೇನನ್ಸುತ್ತೆ ಸಾರ್?”

ಶಿವಣ್ಣ ಅವಳನ್ನೇ ದುರುಗುಟ್ಟಿ ನೋಡಿದರು. ಪೆನ್ನು ತೆಗೆದು ‘ಪಾಸ್’ ಎಂದು ಬರೆದರು. ಆಮೇಲೆ ಹೋಗಿ, ಪುಟ್ಟಿಯ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು.