ಒಂದೇ ದಾರಿಯ ಎರಡು ಬಸ್ಸು

ಬಸ್ ನಿಲ್ದಾಣದ ಪ್ರಕಟಣೆ ಕೋಣೆಗೆ ಇದ್ದದ್ದು ಒಂದೇ ಕಿಟಕಿ, ಅದೂ ಪಕ್ಕದ ಗೋಡೆಗೆ ಮುಖ ಮಾಡಿಕೊಂಡಿತ್ತು. ಅಲ್ಲಿ ಕೂತು ಅವಳು ವರ್ಷಗಟ್ಟಲೆ ಊರಿಗೆಲ್ಲ ಒಂದೇ ಸುದ್ದಿ ಹೇಳುತ್ತ ಬಂದಿದ್ದಳು: "ಬಂದರಿನಿಂದ ಆಸ್ಪತ್ರೆಗೆ ಹೋಗುವ ಬಸ್ಸು ತಡವಾಗಿ ಹೊರಡಲಿದೆ. ಪ್ರಯಾಣಿಕರು ದಯವಿಟ್ಟು ಸಹಕರಿಸಬೇಕು." ಮೊದಲು ಬಿಳಿಯರ ಭಾಷೆಯಲ್ಲಿ, ಆಮೇಲೆ ತಮ್ಮ ಭಾಷೆಯಲ್ಲಿ. ಬಿಳಿಯರು ಗಂಟುಮೂಟೆ ಕಟ್ಟಿ ಹಡಗು ಹತ್ತಿ ಒಂದು ತಲೆಮಾರೇ ಕಳೆದಿತ್ತು. ಅವರ ಕಂಪನಿಯ ಬಸ್ಸು, ಡಿಪೋ, ಮೈಕು ಎಲ್ಲವನ್ನೂ ಸರ್ಕಾರ ವಹಿಸಿಕೊಂಡಿತ್ತು. ಅವರ ಭಾಷೆಯ ಪ್ರಕಟಣೆ ಇನ್ನು ಸಾಕು ಎಂದು ಆದೇಶ ಹೊರಡಿಸುವುದು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ಊರಿನವರು ಅವಳನ್ನು ಮೈಕಕ್ಕ ಎನ್ನುತ್ತಿದ್ದರು. ಮುಖ ನೋಡದವರಿಗೂ ದನಿ ಗೊತ್ತು. ಮಾರುಕಟ್ಟೆಯಲ್ಲಿ ಸೊಪ್ಪಿಗೆ ಬಾಯಿಬಿಟ್ಟರೆ ಸಾಕು, ಮಾರುವವಳು "ಯಾಕಕ್ಕ, ಇವತ್ತೂ ತಡಾನಾ?" ಎಂದು ಕಿಸಕ್ಕನೆ ನಗುತ್ತಿದ್ದಳು.

ತಡವಾಗಿ ಹೊರಡುತ್ತಿದ್ದ ಆ ಬಸ್ಸಿನ ಡ್ರೈವರ್ ಅವಳ ಗಂಡನೇ. ಅವನೇನೂ ಮೈಗಳ್ಳನಲ್ಲ. ಆದರೆ ಒಂದು ಟೈರು ಬೇಕೆಂದರೂ ರಾಜಧಾನಿಯಿಂದ ಅಪ್ಪಣೆ ಬರಬೇಕು, ಬರುವ ಹೊತ್ತಿಗೆ ಇನ್ನೊಂದು ಟೈರು ಸವೆದಿರುತ್ತಿತ್ತು. ಸರ್ಕಾರ ಬಿಟ್ಟು ಬೇರೆ ಯಾರೂ ಬಸ್ಸು ಓಡಿಸುವಂತಿರಲಿಲ್ಲ. ಹೀಗಾಗಿ ಆ ದಾರಿಗೆ ಅದೊಂದೇ ಬಸ್ಸು. "ಎಲ್ಲಿಗೆ ಹೋಗ್ತಾರೆ? ಸುತ್ತಿ ಬಳಸಿ ನಮ್ಮ ಬಸ್ಸಿಗೇ ಬರಬೇಕು" ಎನ್ನುವುದು ಡಿಪೋದವರ ಮಾತು. ಕೇಳಿ ಕೇಳಿ ಅವನ ಬಾಯಲ್ಲೂ ಅದೇ ಕೂತಿತ್ತು.

ಆ ವರ್ಷ ಸರ್ಕಾರದ ಖಜಾನೆ ತಳ ಕಂಡಿತು. ಒಂದು ಬೆಳಿಗ್ಗೆ ಚಹಾ ಕುಡಿಯುವಾಗ ರೇಡಿಯೊದಲ್ಲಿ ಮಂತ್ರಿಗಳು ನೀರು ಕುಡಿದು ಕುಡಿದು ಮಾತಾಡಿದರು. ಇನ್ನು ಮುಂದೆ ಸಾಬೂನು, ಸಿಮೆಂಟು, ಬಸ್ಸು, ಯಾರು ಏನು ಬೇಕಾದರೂ ಮಾಡಬಹುದು, ಓಡಿಸಬಹುದು, ಮಾರಬಹುದು. ಗಂಡ ರೇಡಿಯೊದ ಕಿವಿ ಹಿಂಡಿ ಬಾಯಿ ಮುಚ್ಚಿಸಿದ. "ಮಂತ್ರಿ ಹೇಳಿದ್ದೆಲ್ಲ ಆಗೋ ಹಾಗಿದ್ರೆ ನಮ್ಮನೆ ನಲ್ಲೀಲಿ ನೀರು ಬರ್ತಿತ್ತು" ಎಂದ.

ಅವನ ಮಾತು ಮುಗಿಯುವ ಮೊದಲೇ ಅವಳ ತಮ್ಮ ಏದುಸಿರು ಬಿಡುತ್ತ ಒಳಗೆ ಬಂದ. ಡಿಪೋದಲ್ಲಿ ಮೆಕ್ಯಾನಿಕ್. ಜೇಬಿನಲ್ಲಿ ಸದಾ ನಟ್ಟು ಬಿಗಿಯುವ ಪಾನಾ ಇಟ್ಟುಕೊಂಡಿರುತ್ತಿದ್ದರಿಂದ ಹೆಸರೂ ಪಾನಾ ಎಂದೇ ಆಗಿತ್ತು.

"ಅಕ್ಕ, ಡಿಪೋ ಹಿಂದೆ ಗುಜರಿಗೆ ಅಂತ ಬಿಸಾಕಿದಾರಲ್ಲ, ಆ ಬಸ್ಸಿನ ಇಂಜಿನ್ ಸತ್ತಿಲ್ಲ. ನಿದ್ದೆ ಮಾಡ್ತಿದೆ, ಅಷ್ಟೆ. ಹರಾಜಿಗೆ ಬರತ್ತಂತೆ. ಎಬ್ಬಿಸ್ತೀನಿ ನಾನು."

"ಓಡಿಸೋರು ಯಾರು?"

"ನಾನೇ. ಕೂಗೋಳು ನೀನು."

ಅವಳ ಎದೆ ಧಸಕ್ಕೆಂದಿತು. ಹೆದರಿಕೆಯಿಂದ ಎಂದುಕೊಂಡಳು. ಮೈಕಿನ ಕೋಣೆಗೆ ಹೋಗಿ ಕೂತ ಮೇಲೆ ತಿಳಿಯಿತು, ಅದು ಹೆದರಿಕೆಯಲ್ಲ. ಅವಳ ಬಳೆ, ತಮ್ಮನ ಸ್ಕೂಟರು, ಅವನ ಹೆಂಡತಿಯ ಹೊಲಿಗೆ ಯಂತ್ರ, ಎಲ್ಲ ಸೇರಿ ಒಂದು ಮುರುಕಲು ಬಸ್ಸಾಯಿತು.

ಅವಳೂ ತಮ್ಮನೂ ರಾಜೀನಾಮೆ ಕೊಟ್ಟ ದಿನ ಗಂಡ ಊಟದ ತಟ್ಟೆ ಸರಿಸಿದ. "ಕೂತಲ್ಲಿ ಸಂಬಳ ಬರೋ ಕೆಲಸಾನ ಕಾಲಲ್ಲಿ ಒದ್ದೆ. ನಾಳೆ ಬಸ್ಸು ಗುಂಡೀಲಿ ಕೂತ್ರೆ ತಳ್ಳೋಕೆ ನನ್ನ ಕರೀಬೇಡ."

"ತಡ ಆಗತ್ತೆ ಅಂತ ಹೇಳೀ ಹೇಳೀ ನನ್ನ ನಾಲಿಗೆ ಸವೆದಿದೆ," ಎಂದಳು ಅವಳು. "ಒಂದು ಸಲ ಹೊರಡ್ತಿದೆ ಅಂತ ಹೇಳಬೇಕು ನಂಗೆ."

ಬೇಸಿಗೆ ಪೂರ್ತಿ ತಮ್ಮನ ಹಿತ್ತಲು ಗ್ಯಾರೇಜಾಯಿತು. ಅವನು ಬಸ್ಸಿನ ಹೊಟ್ಟೆಯಡಿ ಮಲಗಿದರೆ ಕಾಲು ಮಾತ್ರ ಕಾಣುತ್ತಿತ್ತು. ಮೈಕಕ್ಕ ಸೀಟುಗಳ ಹರಕು ಹೊಲಿದು ತೆಂಗಿನ ನಾರು ತುಂಬಿದಳು. ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಮನೆಗೆ ಬಂದರೆ ಅತ್ತೆ ಮೂಗು ಮುರಿಯುತ್ತಿದ್ದಳು, ಆಮೇಲೆ ತಾನೇ ಬಿಸಿನೀರು ಕಾಯಿಸಿಡುತ್ತಿದ್ದಳು. ಇಂಜಿನ್ ಮೊದಲ ಸಲ ಗುಡುಗಿದಾಗ ಕೋಳಿಗಳು ಬೇಲಿ ಹಾರಿದವು, ಪಾನಾ ಸ್ಟೀರಿಂಗಿಗೆ ಹಣೆ ಒತ್ತಿ ಅತ್ತುಬಿಟ್ಟ.

ಮೊದಲ ದಿನ ಬಂದರಿನ ನಿಲ್ದಾಣದಲ್ಲಿ ಜನ ಕಿಕ್ಕಿರಿದಿದ್ದರು. ಹಳದಿ ಬಣ್ಣ ಬಳಿದ ಬಸ್ಸನ್ನು ಮದುವೆ ಹೆಣ್ಣು ನೋಡಿದ ಹಾಗೆ ನೋಡಿದರು. ಹತ್ತಿದವರು ಯಾರೂ ಇಲ್ಲ.

"ಬ್ರೇಕ್ ಇದೆಯೋ, ಪುಣ್ಯದ ಮೇಲೆ ನಿಲ್ಲತ್ತೋ?" ಎಂದು ಮೀನಿನ ಬುಟ್ಟಿಯವಳು ಕೇಳಿದಳು.

"ದಾರೀಲಿ ಪೊಲೀಸರು ಹಿಡಿದ್ರೆ ನಮ್ಮನ್ನೂ ಒಳಗೆ ಹಾಕ್ತಾರಾ?" ಎಂದರು ಒಬ್ಬ ಮೇಷ್ಟ್ರು.

ಇಷ್ಟು ಮುಖಗಳ ಮುಂದೆ ಮೈಕಕ್ಕ ಮಾತಾಡಿದವಳೇ ಅಲ್ಲ. ಫುಟ್‌ಬೋರ್ಡಿನ ಮೇಲೆ ನಿಂತು ಸರಳು ಹಿಡಿದಳು. ಏನು ಹೇಳಬೇಕೋ ತೋಚದೆ, ನಾಲಿಗೆಗೆ ರೂಢಿಯಾಗಿದ್ದನ್ನೇ ಹೇಳಿದಳು.

"ಪ್ರಯಾಣಿಕರ ಗಮನಕ್ಕೆ."

ಗುಂಪಿಗೆ ಗುಂಪೇ ತಲೆಯೆತ್ತಿತು. ಅರೆ, ಇದು ಆ ದನಿ.

"ಬಂದರಿನಿಂದ ಆಸ್ಪತ್ರೆಗೆ ಹೋಗುವ ಬಸ್ಸು..." ಎಂದು ಉಸಿರೆಳೆದುಕೊಂಡಳು. ಮುಂದಿನ ಮಾತು ಎಲ್ಲರಿಗೂ ಬಾಯಿಪಾಠ. ಒಂದಿಬ್ಬರು ಆಗಲೇ ಬೆನ್ನು ತಿರುಗಿಸಿದ್ದರು. "...ಈಗಲೇ ಹೊರಡುತ್ತಿದೆ. ಪ್ರಯಾಣಿಕರು ದಯವಿಟ್ಟು ಹತ್ತಬೇಕು."

ಎಲ್ಲಿಂದಲೋ ಒಂದು ನಗು ಸಿಡಿಯಿತು, ಅದರ ಬೆನ್ನಿಗೇ ಇಡೀ ನಿಲ್ದಾಣ ನಕ್ಕಿತು. ಬುಟ್ಟಿಯವಳು ಮೊದಲು ಹತ್ತಿದಳು, ಅವಳ ಹಿಂದೆ ಮೇಷ್ಟ್ರು, ಆಮೇಲೆ ನೂಕುನುಗ್ಗಲು.

ಅದೇ ಹೊತ್ತಿಗೆ ಸರ್ಕಾರಿ ಬಸ್ಸು ಬಂದು ಪಕ್ಕದಲ್ಲೇ ನಿಂತಿತು. ಎಂದೂ ಇಲ್ಲದ್ದು, ಅದು ಸರಿಯಾದ ಸಮಯಕ್ಕೆ ಬಂದಿತ್ತು. ಗಂಡ ಕಿಟಕಿಯಿಂದ ಹೆಂಡತಿಯನ್ನು ನೋಡಿದ, ಹೆಂಡತಿ ಟಿಕೆಟ್ ಹರಿಯುತ್ತ ಗಂಡನನ್ನು ನೋಡಿದಳು. ಇಬ್ಬರ ನಡುವೆ ನಿಂತವಳು ಅತ್ತೆ. ಕಣ್ಣು ತೋರಿಸಲು ಆಸ್ಪತ್ರೆಗೆ ಹೊರಟಿದ್ದಳು. ಹೆತ್ತ ಮಗನ ಬಸ್ಸು ಒಂದು ಕಡೆ, ಸೊಸೆಯ ಬಸ್ಸು ಇನ್ನೊಂದು ಕಡೆ. ಜನ ಕುತ್ತಿಗೆ ಉದ್ದ ಮಾಡಿ ನೋಡಿದರು.

"ಅಮ್ಮ, ಹತ್ತು" ಎಂದ ಮಗ.

"ನಿಂದು ಯಾವಾಗ ಹೊರಡತ್ತಪ್ಪ?"

"ಕಂಡಕ್ಟರು ಚಹಾ ಕುಡಿದು ಬರಲಿ."

"ಹಾಗಾದ್ರೆ ನೀನೂ ಕುಡಿದು ಬಾ" ಎಂದು ಅತ್ತೆ ಸೆರಗು ಸಿಕ್ಕಿಸಿ ಹಳದಿ ಬಸ್ಸು ಹತ್ತಿ, ಮುಂದಿನ ಸೀಟಿನ ಮೇಲೆ ಮೆಲ್ಲಗೆ ಪುಟಿದು ನೋಡಿದಳು. "ಮೆತ್ತಗಿದೆ" ಎಂದು ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟಳು.

ಬಸ್ಸು ಹೊರಟಿತು. ಗಾಳಿಗೆ ಮೈಕಕ್ಕನ ಕೂದಲು ಬಿಚ್ಚಿಹೋಯಿತು, ಕಟ್ಟಿಕೊಳ್ಳಲು ಕೈಗೆ ಬಿಡುವಿರಲಿಲ್ಲ. ಸೇತುವೆ ದಾಟುವಾಗ ಹಿಂದಿನಿಂದ ಹಾರನ್ನಿನ ಸದ್ದು. ತಿರುಗಿ ನೋಡಿದರೆ ಸರ್ಕಾರಿ ಬಸ್ಸು! ಕಂಡಕ್ಟರು ಕೈಯಲ್ಲಿ ಚಹಾದ ಲೋಟ ಹಿಡಿದೇ ಬಾಗಿಲಲ್ಲಿ ನೇತಾಡುತ್ತಿದ್ದ. ಗಿರಣಿಯ ಬಳಿ ಒಬ್ಬ ಮುದುಕಿ ಕೈ ತೋರಿಸಿದಳು. ಅದು ನಿಲ್ದಾಣವೇ ಅಲ್ಲ. ಇಷ್ಟು ವರ್ಷ ಅಲ್ಲಿ ಕೈ ತೋರಿಸಿದವರಿಗೆ ಧೂಳು ಕುಡಿಸಿ ಹೋಗುತ್ತಿದ್ದ ಅವಳ ಗಂಡ ಗಕ್ಕನೆ ಬ್ರೇಕ್ ಹಾಕಿ, ಇಳಿದು ಬಂದು, ಮುದುಕಿಯ ಗಂಟನ್ನು ತಾನೇ ಎತ್ತಿಟ್ಟ.

"ನಮ್ಮ ಭಾವನೇನಾ ಅದು?" ಎಂದು ಪಾನಾ ಕನ್ನಡಿಯಲ್ಲಿ ನೋಡುತ್ತ ಕೇಳಿದ.

"ನಂಗೂ ಅದೇ ಅನುಮಾನ" ಎಂದಳು ಅಕ್ಕ, ನಗು ತಡೆಯಲಾರದೆ.

ಸಂಜೆ ಮನೆಯಲ್ಲಿ ಗಂಡ ಮುಖ ಊದಿಸಿಕೊಂಡೇ ಊಟಕ್ಕೆ ಕೂತ. ಮೊದಲ ತುತ್ತಿಗೇ ಮಾತು ಹೊರಬಿತ್ತು. "ಗಿರಣಿ ಹತ್ರ ಎಷ್ಟೊಂದು ಜನ ಕಾಯ್ತಾರೆ ನೋಡು. ಅಲ್ಲಿ ನಿಲ್ದಾಣ ಯಾಕಿಲ್ಲ?"

"ಬಿಳಿಯರ ಕಾಲದಲ್ಲಿ ಅಲ್ಲಿ ಗಿರಣಿ ಇರಲಿಲ್ಲ, ಅದಕ್ಕೆ" ಎಂದಳು ಅತ್ತೆ.

ಮರುದಿನ ಅವನು ಬೇಗ ಎದ್ದು ತನ್ನ ಬಸ್ಸಿನ ಗಾಜು ತೊಳೆದ. ನಿಲ್ದಾಣ ಇಲ್ಲದ ಕಡೆ ಬಸ್ಸು ನಿಲ್ಲಿಸಿದ್ದೇಕೆ ಎಂದು ಡಿಪೋ ಮ್ಯಾನೇಜರ್ ಗದರಿದಾಗ, "ಸಾರ್, ಆಚೆ ಬಂದು ನೋಡಿ" ಎಂದು ಕೈ ಹಿಡಿದು ನಿಲ್ದಾಣಕ್ಕೆ ಕರೆತಂದ. ಮ್ಯಾನೇಜರ್ ಹಳದಿ ಬಸ್ಸು ತುಂಬುವುದನ್ನು ಬಹಳ ಹೊತ್ತು ನೋಡಿ ವಾಪಸ್ ಹೋದರು. ಆ ವಾರವೇ ಡಿಪೋದವರು ಗಿರಣಿಯ ಬಳಿ ನಿಲ್ದಾಣದ ಕಂಬ ನೆಟ್ಟರು.

ಬೀದಿಯೂ ದಿನಕ್ಕೊಂದು ವೇಷ ತೊಡುತ್ತಿತ್ತು. ಒಂದೇ ಸಾಬೂನು ಇರುತ್ತಿದ್ದ ಅಂಗಡಿಯಲ್ಲಿ ಈಗ ಜನ ಯಾವುದು ಕೊಳ್ಳುವುದೆಂದು ತಿಳಿಯದೆ ಮೂಸುತ್ತ ನಿಲ್ಲುತ್ತಿದ್ದರು. ಎಲ್ಲರಿಗೂ ಒಳ್ಳೆಯದಾಯಿತು ಎನ್ನುವಂತಿರಲಿಲ್ಲ. ಸರ್ಕಾರಿ ಬೆಂಕಿಪೊಟ್ಟಣದ ಕಾರ್ಖಾನೆಗೆ ಬೀಗ ಬಿದ್ದು, ಪಕ್ಕದ ಮನೆಯಾತ ಜಗಲಿಯ ಮೇಲೆ ಸುಮ್ಮನೆ ಕೂತಿರುತ್ತಿದ್ದ. ಮೈಕಕ್ಕ ಹೋಗುತ್ತ ಬರುತ್ತ ಅವನನ್ನು ನೋಡುತ್ತಿದ್ದಳು. ಒಂದು ದಿನ ಕರೆದು ಕೇಳಿದಳು, "ಬಸ್ಸಿಗೆ ಕಂಡಕ್ಟರ್ ಬೇಕು. ಗಂಟಲು ಹೇಗಿದೆ?"

"ಚೆನ್ನಾಗೇ ಇದೆ ಅಕ್ಕ. ಉಪಯೋಗಿಸಿಲ್ಲ, ಅಷ್ಟೆ" ಎಂದ ಅವನು.

ಅವಳು ಕೇಳಿದ್ದಕ್ಕೆ ಕಾರಣವಿತ್ತು. ತಮ್ಮನ ಪಕ್ಕ ಕೂತು ಅವಳೂ ಸ್ಟೀರಿಂಗ್ ಹಿಡಿಯುವುದನ್ನು ಕಲಿಯತೊಡಗಿದ್ದಳು. ಲೈಸೆನ್ಸು ಸಿಕ್ಕಿದ ವಾರದಲ್ಲೇ ನಿಲ್ದಾಣಕ್ಕೆ ಮೂರನೆಯ ಬಸ್ಸೊಂದು ಬಂತು. ಹೊರಗಿನ ಊರಿನ ದೊಡ್ಡ ಕಂಪನಿಯದು, ಹೊಚ್ಚ ಹೊಸದು, ಒಳಗೆ ಫ್ಯಾನು, ಹಾಡು. ಜನ ಬಾಯಿ ತೆರೆದು ಅತ್ತ ಹರಿದರು.

ಗಂಡ ತನ್ನ ಬಸ್ಸಿಂದ ಇಳಿದು ಹಳದಿ ಬಸ್ಸಿನ ಕಿಟಕಿಗೆ ಬಂದ. ಮೊದಲ ಸಲ ತಾನೇ ಡ್ರೈವರ್ ಸೀಟಿನಲ್ಲಿ ಕೂತಿದ್ದ ಹೆಂಡತಿಯನ್ನು ನೋಡಿ ಕಣ್ಣರಳಿಸಿದ, ಆದರೆ ಅದನ್ನು ಮಾತಾಡಲು ಪುರುಸೊತ್ತಿರಲಿಲ್ಲ.

"ಅವನು ಗಿರಣಿ ಹತ್ರ ನಿಲ್ಸಲ್ಲ, ವಿಚಾರಿಸಿದೀನಿ," ಎಂದು ಪಿಸುಗುಟ್ಟಿದ. "ನೀನು ಅವನಿಗಿಂತ ಮೊದಲು ಹೊರಡು. ಅವನ ಹಿಂದೆ ನಾನು ಬರ್ತೀನಿ. ಅಲ್ಲಿ ಯಾರೂ ನಿಂತು ಕಾಯೋದೇ ಬೇಡ."

"ಸರ್ಕಾರಿ ನೌಕರ ಹೀಗೆಲ್ಲ ಮಾತಾಡಬಹುದಾ?"

"ಹೊರಡೇ, ಫ್ಯಾನಿನ ಗಾಳಿ ಜನಕ್ಕೆ ರೂಢಿಯಾಗೋ ಮೊದಲು."

ಅವಳು ಗೇರು ಹಾಕಿದಳು. ಹಿಂದಿನ ಬಾಗಿಲಲ್ಲಿ ಹೊಸ ಕಂಡಕ್ಟರು ಗಂಟಲು ಬಿರಿಯುವಂತೆ ಕೂಗುತ್ತಿದ್ದ. ಬಂದರಿನ ರಸ್ತೆ ಎದುರಿಗೆ ಉದ್ದಕ್ಕೆ ಖಾಲಿ ಬಿದ್ದಿತ್ತು.