ರಾಣಿ ಪಟದ ಮೂಲೆ

ಆಲೂರಿನಲ್ಲಿ ಅಂಗಡಿಗಳಿಗೂ ಬಸ್ಸುಗಳಿಗೂ ಬೋರ್ಡು ಬರೆಯುತ್ತಿದ್ದ ದೇವೀರಪ್ಪನನ್ನು ಯಸಳೂರಿನ ನಂಜುಂಡಯ್ಯ ತಮ್ಮ ಎಸ್ಟೇಟಿಗೆ ಕರೆಸಿಕೊಂಡದ್ದು ತೊಂಬತ್ತೇಳರ ಮಾರ್ಚಿನಲ್ಲಿ. ಹೂಮಳೆ ಬಿದ್ದು ವಾರ ಕಳೆದಿತ್ತು. ಕಾಫಿ ಗಿಡಗಳೆಲ್ಲ ಬೆಳ್ಳಗೆ ಹೂವಾಗಿ ನಿಂತು, ಬಂಗಲೆಯೊಳಗಿನ ಗಾಳಿಗೂ ಅಮಲೇರಿದಂತಿತ್ತು.

ಹಜಾರದ ಗೋಡೆಯಿಂದ ಇಳಿಸಿಟ್ಟ ಪಟದಲ್ಲಿ ಒಬ್ಬ ರಾಣಿ. ಯಾವ ಪಾಳೆಯಗಾರನ ರಾಣಿಯೋ ಯಾರಿಗೂ ಗೊತ್ತಿರಲಿಲ್ಲ. ಬರೆದವನು ಮೈಸೂರು ಅರಮನೆಯ ಚಿತ್ರಗಾರ ಎಂದು ಕೆಲವರು, ಯಾರೋ ಬಿಳಿ ಪಾದ್ರಿ ಎಂದು ಇನ್ನು ಕೆಲವರು. ಹೊಗೆ, ಧೂಳು ಹಿಡಿದು ಆಕೆಯ ಮುಖ ಮಂಕಾಗಿತ್ತು.

“ತೊಳ್ದು ಸರಿಮಾಡು. ಆಮೇಲೆ ಮೂಲೇಲಿ ದೊಡ್ಡ ಚಿತ್ರಗಾರನ ಹೆಸ್ರೊಂದು ಬರ್ದುಬುಡು ಮಾರಾಯ,” ಎಂದರು ನಂಜುಂಡಯ್ಯ. “ಪೇಪರ್‌ನೋರು ನೋಡಾಕೆ ಬತ್ತಾರೆ. ಯಾರು ಬರ್ದಿದ್ದು ಅಂದ್ರೆ ಏನ್ ಹೇಳ್ಲಿ? ನಿನ್ ಕೈಗೆ ಯಾವ್ ಅಕ್ಷರ ತಾನೇ ಬರಾಕಿಲ್ಲ?”

ದೇವೀರಪ್ಪ ಹ್ಞೂಂ ಎಂದ. ಊರವರ ಹೆಸರೆಲ್ಲ ಬರೆದ ಕೈಗೆ ಇದೊಂದು ಹೆಚ್ಚೆನಿಸಲಿಲ್ಲ.

ಕಿಟಕಿಯ ಬಳಿ ಕೂತು, ಹತ್ತಿಯುಂಡೆಯನ್ನು ನೀರಿಗದ್ದಿ, ಹಿಂಡಿ, ಬೆರಳಗಲ ಬೆರಳಗಲವಾಗಿ ಒರೆಸತೊಡಗಿದ. ಮೊದಲ ದಿನ ಒಂದು ಕಿವಿ, ಎರಡನೆಯ ದಿನ ಮೂಗುತಿ. ಮೂರನೆಯ ದಿನ ಕಣ್ಣು ಹೊರಬಂದಾಗ ಕೈ ತಾನಾಗಿ ನಿಂತಿತು. ಆಕೆ ನೋಡುತ್ತಿದ್ದುದು ಅವನನ್ನಲ್ಲ, ಅವನ ಪಕ್ಕದಲ್ಲಿ ಕೂತ ಇನ್ನಾರನ್ನೋ. ಅದೂ ಸಲುಗೆಯಿಂದ, ನಗು ತಡೆದುಕೊಂಡು. ತಿರುಗಿದ. ಯಾರೂ ಇರಲಿಲ್ಲ, ಹೂವಿನ ವಾಸನೆ ಮಾತ್ರ. ಅಲ್ಲಿಂದಾಚೆ ಅವನಿಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಪಕ್ಕದಲ್ಲಿ ಯಾರೋ ಬಣ್ಣ ಅರೆಯುತ್ತಿದ್ದಾರೆ, ಬಳೆ ಸದ್ದಾಗುತ್ತಿದೆ ಅನ್ನಿಸುತ್ತಿತ್ತು. ಹೆದರಿಕೆಯಾಗಲಿಲ್ಲ. ಕೆಲಸಕ್ಕೆ ಜೊತೆ ಸಿಕ್ಕಂತೆ ಹಿತವಾಗಿತ್ತು.

ಐದನೆಯ ದಿನ ಕೆಳಗಿನ ಮೂಲೆ ತೊಳೆದ. ಹೆಸರಿರಲಿಲ್ಲ, ಬಣ್ಣ ಹಸಿಯಿದ್ದಾಗಲೇ ಒತ್ತಿದ ಹೆಬ್ಬೆರಳ ಗುರುತಿತ್ತು. ತನ್ನ ಬೆರಳಿಟ್ಟು ನೋಡಿದ, ಗುರುತಿಗಿಂತ ದೊಡ್ಡದಾಯಿತು. ಅಷ್ಟರಲ್ಲಿ ಅಡಿಗೆಯ ಹುಲಿಯಮ್ಮ ಕಾಫಿ ತಂದಳು.

“ನಿನ್ ಹೆಬ್ಬೆಟ್ಟು ಇಲ್ಲಿಡವ್ವ.”

“ಅಯ್ಯೋ, ರಾಣಿ ಪಟ ಮುಟ್ಬೋದೇನಣ್ಣ?” ಎನ್ನುತ್ತಲೇ ಸೆರಗಿಗೆ ಕೈ ಒರೆಸಿಕೊಂಡು ಇಟ್ಟಳು. ಅಚ್ಚಿನಂತೆ ಕೂತಿತು. ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದು, ಮೆಲ್ಲಗೆ ಕೇಳಿದಳು: “ಹೆಂಗಸ್ರು ಬರ್ದಿದ್ದಾ?”

“ಇರ್ಬೋದು. ಸಣ್ ಕೈಯ ಗಂಡಸ್ರೂ ಇರ್ತಾರೆ ಕಣವ್ವ,” ಎಂದ ದೇವೀರಪ್ಪ. ಆದರೆ ಬಳೆಯ ಸದ್ದು ಅವನ ಕಿವಿಯಲ್ಲಿತ್ತು.

ಮರುದಿನ ನಂಜುಂಡಯ್ಯ ಚೀಟಿಯಲ್ಲಿ ಹೆಸರು ಬರೆದು ತಂದರು. ದೇವೀರಪ್ಪ ಕುಂಚ ಅದ್ದಿ ಬಗ್ಗಿದವನು ಹಾಗೆಯೇ ಎದ್ದ.

“ಆಗಾಕಿಲ್ಲ ಸಾವ್ಕಾರ್ರೇ. ಬರ್ದೋರು ಆಗ್ಲೇ ಹೆಬ್ಬೆಟ್ಟು ಒತ್ತವ್ರೆ. ಅದ್ರ ಮೇಲೆ ಇನ್ನೊಬ್ರ ಹೆಸ್ರು ಬರೆಯಾಕೆ ನನ್ ಕೈಲಾಗಲ್ಲ.”

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಸಿಟ್ಟಾದಾರೆಂದುಕೊಂಡಿದ್ದ ದೇವೀರಪ್ಪ.

“ನಮ್ಮಜ್ಜನೂ ಇದನ್ನ ನೋಡಿರ್ನಿಲ್ಲ,” ಎಂದರಷ್ಟೆ. ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

ಪೇಪರಿನಲ್ಲಿ ‘ಬರೆದವರು ಯಾರೆಂದು ತಿಳಿಯದು’ ಎಂದೇ ಬಂತು. ಆ ಭಾನುವಾರ ದೇವೀರಪ್ಪ ಬಸ್ಸಿನ ಬೋರ್ಡುಗಳನ್ನು ಬದಿಗಿಟ್ಟು, ಹೊಸ ಹಲಗೆ ತಂದು, ಹೆಂಡತಿ ಮುನಿಯಮ್ಮನನ್ನು ಬಾಗಿಲ ಬೆಳಕಿಗೆ ಕೂರಿಸಿದ. ಮದುವೆಯಾಗಿ ಹದಿನೆಂಟು ವರ್ಷಕ್ಕೆ ಅವನು ಬರೆಯಹೊರಟ ಮೊದಲ ಮುಖ ಅದು.

“ಬ್ಯಾಗ ಬರಿ,” ಎಂದಳು ಅವಳು, “ಹಾಲು ಒಲೆ ಮೇಲೈತೆ.”