ಸಮುದ್ರವಿಲ್ಲದ ದನಿ

ಕುಮಟೆ ಹತ್ತಿರದ ಬಾಡ ಊರಿನ ಹದಿನಾಲ್ಕು ನಾಡದೋಣಿಗಳಿಗೆ ವೈರ್‌ಲೆಸ್ ಇರಲಿಲ್ಲ. ಅವು ಮೊಬೈಲ್ ಸಿಗ್ನಲ್ ಸಿಗುವಷ್ಟು ದೂರ ಮಾತ್ರ ಹೋಗುತ್ತಿದ್ದವು. ಒಬ್ಬ ಅಪಾಯದಲ್ಲಿದ್ದರೆ ಒಬ್ಬೊಬ್ಬರಿಗೇ ಫೋನ್ ಮಾಡುತ್ತ ಕೂರಬೇಕಿತ್ತು. ಉಳಿದ ಹದಿಮೂರು ಜನರಿಗೆ ಒಟ್ಟಿಗೆ ಕೇಳುವಂತೆ ಕೂಗಲು ದಾರಿ ಇರಲಿಲ್ಲ. ಆ ದಾರಿಯನ್ನು ನಾನು ಮಾಡಿಕೊಟ್ಟೆ.

ನಾನು ಶಿಶಿರ, ಶಿರಾಲಿಯವನು. ಕುಮಟೆಯ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ಕೆಲಸ, ಅದರ ಹಿಂದಿನ ಕೋಣೆಯಲ್ಲೇ ವಾಸ. ಭಟ್ಕಳದಿಂದ ಹಳೆಯ ಕಂಪ್ಯೂಟರ್ ಒಂದನ್ನು ತಂದು, ಲಿನಕ್ಸ್ ಹಾಕಿ, ಅದರಲ್ಲಿ ಮಾತಿನ ಸರ್ವರ್ ಕೂರಿಸಿದೆ. ರೂಟರಿನಲ್ಲಿ ಪೋರ್ಟ್ ತೆರೆದೆ, ಇನ್ವರ್ಟರಿನಿಂದ ವೈರ್ ಎಳೆದೆ. ದೋಣಿಯವರ ಫೋನುಗಳಿಗೆ ಆ್ಯಪ್ ಹಾಕಿ ಒಂದೊಂದಕ್ಕೂ ಒಂದೊಂದು ಕೀ ಕೊಟ್ಟೆ. ಸರ್ವರ್ ಗುರುತಿಸುವುದು ಆ ಕೀಯನ್ನು. ಫೋನು ಯಾರ ಕೈಯಲ್ಲಿದೆ ಎಂಬುದು ಅದಕ್ಕೆ ತಿಳಿಯದು. ಯಾರಾದರೂ ಬಟನ್ ಒತ್ತಿ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ, ಆ ಹೊತ್ತಿಗೆ ಸರ್ವರಿಗೆ ಸೇರಿರುವವರ ಪಟ್ಟಿಯಲ್ಲಿ ಆ ಕೀಯ ಹೆಸರು ಹಸಿರಾಗುತ್ತದೆ.

"ಹೆಂಡ್ತಿ ಬೈಗುಳ ತಡಿಲಾರ್ದೇ ನಾವು ದೋಣಿ ಹತ್ತೂದು. ಅದ್ನ ಅಲ್ಲಿಗೂ ತಂದಿಟ್ಯಾ ಮಾರಾಯ?" ಎಂದು ಗುರುದತ್ತ ಕೇಳಿದ. ಒಂದೇ ವಾರದಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುವವನೂ ಅವನೇ ಆದ.

ಮೊದಲು ಪರೀಕ್ಷಿಸಿದ್ದು ಬೊಮ್ಮಯ್ಯನ ಫೋನಿನಲ್ಲಿ. ಗಾಳಿ, ಎಂಜಿನ್, ಅಲೆಗಳ ಸದ್ದು ಮಾತನ್ನು ನುಂಗಬಾರದೆಂದು ಗದ್ದಲ ಕಳೆಯುವ ಸೆಟ್ಟಿಂಗನ್ನು ಪೂರ್ತಿ ಏರಿಸಿದ್ದೆ. ಅವನ ದನಿ ಬಾವಿಯೊಳಗಿಂದ ಬಂದಂತೆ ಬಂತು. ಎಳೆದು ಕೂಗಿದ ಹೆಸರು ಸ್ಪಷ್ಟವಾಗಿ ಕೇಳುತ್ತಿತ್ತು, ಬೇಗ ಆಡಿದ ಮಾತನ್ನೆಲ್ಲ ಆ್ಯಪ್ ಗದ್ದಲವೆಂದೇ ತಿಳಿದು ಅಳಿಸುತ್ತಿತ್ತು.

ಬೊಮ್ಮಯ್ಯ ತನ್ನ ತಮ್ಮ ಉದಯನ ಫೋನಿನಲ್ಲಿ ಅದನ್ನು ಕೇಳಿ, ನನ್ನ ಕಡೆ ತಿರುಗಿ ಮುಖ ಹುಳ್ಳಗೆ ಮಾಡಿದ. "ಎಂತ ತಮ್ಮಾ, ಇದ್ರಲ್ಲಿ ಸಮುದ್ರವೇ ಇಲ್ಲ. ಸತ್ತವ ಮಾತಾಡ್ದ ಹಾಂಗೆ ಕೇಳ್ತದೆ."

ಉಳಿದ ಫೋನುಗಳಲ್ಲಿ ಸೆಟ್ಟಿಂಗ್ ಇಳಿಸಿದೆ. ಅವನದನ್ನು ಇಳಿಸಲು ಎರಡು ಸಲ ಹೋದಾಗ ಅವನು ಮನೆಯಲ್ಲಿರಲಿಲ್ಲ. ಮೂರನೇ ಸಲ ಹೋಗಲಿಲ್ಲ. ಅವನು ಫೋನನ್ನು ಮನೆಯಲ್ಲೇ ಬಿಟ್ಟು ಮೀನಿಗೆ ಹೋಗತೊಡಗಿದ. ಅಕ್ಟೋಬರಿನಲ್ಲಿ ಅವನ ದೋಣಿ ಮಗುಚಿತು. ಹೆಣ ಸಿಗಲಿಲ್ಲ.

ಸರ್ವರಿನಿಂದ ಅವನ ಹೆಸರು ತೆಗೆಯಲೇ ಎಂದು ಅವನ ಹೆಂಡತಿ ಮಂಗಲಾಳನ್ನು ಕೇಳಿದೆ. "ಕಾರ್ಯ ಆಗ್ಲಿಲ್ಲಲ, ಇರ್ಲಿ. ಆದ್ಮೇಲೆ ತೆಗಿ" ಎಂದಳು. ಹೆಣ ಸಿಗದವರ ಕಾರ್ಯವನ್ನು ಅವರ ಕಡೆ ತಡಮಾಡಿ ಮಾಡುತ್ತಾರೆ.

ಎರಡು ವಾರದ ನಂತರ ಒಂದು ಮಧ್ಯಾಹ್ನ ಪಟ್ಟಿಯಲ್ಲಿ ಬೊಮ್ಮಯ್ಯನ ಹೆಸರು ಕಾಣಿಸಿಕೊಂಡಿತು. ಮಾತಿಲ್ಲ, ಹೆಸರು ಮಾತ್ರ. ಮರುದಿನ ಅದೇ ಹೊತ್ತಿಗೆ ಮತ್ತೆ. ನಾನು ಲಾಗ್ ತೆಗೆದು ನೋಡಿದೆ. ಬಾಡಕ್ಕೆ ಹೋಗಿ ಮಂಗಲಾಳನ್ನು ವಿಚಾರಿಸಿದೆ. ಅವಳು ದಿನವೂ ಊಟವಾದ ಮೇಲೆ ಫೋನನ್ನು ಚಾರ್ಜಿಗೆ ಹಾಕಿ ಆನ್ ಮಾಡುತ್ತಿದ್ದಳು. ಆ್ಯಪ್ ತಾನಾಗಿಯೇ ಸರ್ವರಿಗೆ ಸೇರುತ್ತಿತ್ತು. ಅಷ್ಟೇ.

ಇದನ್ನು ದೋಣಿಯವರಿಗೆ ಬಿಡಿಸಿ ಹೇಳಿದೆ. ಎಲ್ಲರಿಗಿಂತ ಹಿರಿಯನಾದ ಶ್ರೀಧರಣ್ಣ ಪೂರ್ತಿ ಕೇಳಿಸಿಕೊಂಡ. ಅವರಲ್ಲಿ ಒಂದು ರೂಢಿಯಿದೆ: ನೀರಿನ ಮೇಲೆ ಮೊದಲು ಹೆಸರು ಕೂಗುತ್ತಾರೆ, ಆ ಕಡೆಯಿಂದ ಓ ಬಂದ ಮೇಲೆಯೇ ವಿಷಯ ಹೇಳುತ್ತಾರೆ. ಒಮ್ಮೆ ಓ ಅಂದರೆ ಕರೆದವನ ಹತ್ತಿರ ಹೋಗಲೇಬೇಕು.

"ಚಾರ್ಜು ಅಂದ್ಯಲ, ಆತು" ಎಂದ ಶ್ರೀಧರಣ್ಣ. "ಆದ್ರೆ ಆ ಹೆಸ್ರು ಕರದ್ರೆ ಯಾರೂ ಓ ಹೇಳೂದಲ್ಲ."

ನಾನು ನಕ್ಕೆ.

ಡಿಸೆಂಬರಿನ ಒಂದು ಬೆಳಿಗ್ಗೆ, ಗಾಳಿ ಜೋರಿತ್ತು. ಪಟ್ಟಿಯಲ್ಲಿ ನನ್ನದಲ್ಲದೆ ಹನ್ನೆರಡು ಹೆಸರುಗಳಿದ್ದವು, ಉದಯನದಿರಲಿಲ್ಲ. ರಜೆ ಮಾಡಿದನೆಂದುಕೊಂಡೆ. ಏಳು ಹನ್ನೆರಡಕ್ಕೆ ಬೊಮ್ಮಯ್ಯನ ಹೆಸರು ಬಂತು. ಅದು ಚಾರ್ಜಿನ ಹೊತ್ತಲ್ಲ. ಹೆಸರು ಹಸಿರಾಯಿತು.

"ಶ್ರೀಧರಣ್ಣಾ."

ಹಿಂದೆ ಗಾಳಿಯಿಲ್ಲ, ಎಂಜಿನ್ ಇಲ್ಲ, ನೀರಿಲ್ಲ. ಉಳಿದವರು ಬಟನ್ ಒತ್ತಿದಾಗ ಸಮುದ್ರವೆಲ್ಲ ನನ್ನ ಕೋಣೆಯೊಳಗೆ ಬರುತ್ತಿತ್ತು. ಈ ದನಿ ಮುಚ್ಚಿದ ಪೆಟ್ಟಿಗೆಯೊಳಗಿಂದ ಬಂದ ಹಾಗಿತ್ತು. ಮತ್ತೆ ಶ್ರೀಧರಣ್ಣನನ್ನು ಕರೆಯಿತು. ಮತ್ತೆ. ಯಾರೂ ಓ ಅನ್ನಲಿಲ್ಲ. ಒಂದೊಂದೇ ಹೆಸರು ಪಟ್ಟಿಯಿಂದ ಇಳಿದುಹೋಯಿತು. ಕೊನೆಗೆ ಗುರುದತ್ತನೂ ಹೋದ. ಉಳಿದದ್ದು ಬೊಮ್ಮಯ್ಯನ ಹೆಸರು ಮತ್ತು ನನ್ನದು.

"ಶಿಶಿರಾ."

ನನ್ನ ಬೆರಳು ಕೀಬೋರ್ಡಿನ ಮೇಲಿತ್ತು. ಒತ್ತಿ ಯಾರು ಎಂದು ಕೇಳಿದ್ದರೆ ಸಾಕಿತ್ತು. ಚಾರ್ಜು, ಆ್ಯಪ್, ಕೀ ಎಂದು ಎಲ್ಲರಿಗೂ ವಿವರಿಸಿದವನು ನಾನು. ಒತ್ತಲಿಲ್ಲ. ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟೆ. ಅಲ್ಲಿಂದಲೂ ಸಣ್ಣಗೆ ಕೇಳುತ್ತಿತ್ತು. ನಡುನಡುವೆ ಬೇರೆ ಮಾತುಗಳ ಚೂರುಗಳಿದ್ದವು, ಅರ್ಥವಾಗುವಂತಿರಲಿಲ್ಲ. ಏಳು ನಲವತ್ತೊಂಬತ್ತಕ್ಕೆ ನಿಂತಿತು. ಹೆಸರು ಇನ್ನೂ ಮೂವತ್ತು ಸೆಕೆಂಡ್ ಪಟ್ಟಿಯಲ್ಲಿತ್ತು. ಸಂಪರ್ಕ ಕಡಿದ ಮೇಲೆ ಮೂವತ್ತು ಸೆಕೆಂಡ್ ಕಾಯುವಂತೆ ಸರ್ವರಿಗೆ ಹೇಳಿಕೊಟ್ಟವನು ನಾನೇ.

ಹತ್ತು ಗಂಟೆಗೆ ನೆರೆಮನೆಯ ಫೋನಿನಿಂದ ಮಂಗಲಾ ಕರೆ ಮಾಡಿದಳು.

"ಉದಯ ಎಂತಾದ್ರೂ ಮಾತಾಡ್ದ್ನ ತಮ್ಮಾ? ಅವ್ನ ಫೋನು ನಿನ್ನೆ ನೀರಿಗೆ ಬಿತ್ತು. ಇವರದ್ದು ಕೊಟ್ಟು ಕಳ್ಸಿದ್ದೆ."

ಎಂಜಿನ್ ಕೆಟ್ಟು ಅವನ ದೋಣಿ ಬಂಡೆಗಳ ಕಡೆಗೆ ತೇಲಿತ್ತು. ಶ್ರೀಧರಣ್ಣನ ಫೋನಿಗೂ ಎರಡು ಕರೆ ಬಂದಿದ್ದವಂತೆ. ಪರದೆಯ ಮೇಲೆ ಬೊಮ್ಮಯ್ಯನ ಹೆಸರು ನೋಡಿ ಅವನು ಫೋನ್ ಆರಿಸಿದ್ದ. ಅವನ ದೋಣಿ ಅಲ್ಲಿಂದ ಹದಿನೈದು ನಿಮಿಷದ ದೂರದಲ್ಲಿತ್ತು. ಉದಯ ಕೂಗಿದ್ದು ಮೂವತ್ತೇಳು ನಿಮಿಷ. ಲಾಗಿನಲ್ಲಿ ಎಣಿಸಿದೆ: ಬಟನ್ ಒತ್ತಿದ್ದು ಐವತ್ತಮೂರು ಸಲ.

ಹೋದದ್ದು ಒಂದು ದೋಣಿ, ಒಂದು ಎಂಜಿನ್, ಎರಡು ಬಲೆ, ಒಂದು ಫೋನು, ಒಬ್ಬ ಮನುಷ್ಯ.